ಹಾಡಿಗೊಂದು ಪಹಣಿ

ಮೊದಲು ನಮ್ಮದೇ ಕಳ್ಳತನ ಹೇಳಿಬಿಡುತ್ತೇವೆ. ಲೋಕದ ಕಳ್ಳತನದ ಬಗ್ಗೆ ಆಮೇಲೆ ಬಾಯಿ ತೆರೆಯೋಣ.

ಮಂಗಳೂರಿಗೆ ಡಿಗ್ರಿ ಓದಲಿಕ್ಕೆ ಬಂದ ದಿನಗಳು. ನಮ್ಮ ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವರು ನಾವೇ. ಹಾಸ್ಟೆಲಿನ ಅನ್ನ, ಬಾರದ ಸ್ಕಾಲರ್‌ಶಿಪ್ಪು, ಸಂಜೆಯಾದರೆ ಹಂಪನಕಟ್ಟೆಯಿಂದ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನವರೆಗೆ ಕಾಸಿಲ್ಲದ ತಿರುಗಾಟ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಜನಪದ ಹಾಡು ತಂದುಕೊಡಿ ಅಂದರು. ನಮ್ಮಲ್ಲಿ ಇಬ್ಬರು ಮೊಬೈಲು ಹಿಡಿದುಕೊಂಡು ಸುರತ್ಕಲ್ ಆಚೆಯ ಒಂದು ಕಾಲನಿಗೆ ಹೋದೆವು. ಅಲ್ಲಿದ್ದರು ಒಬ್ಬರು ಅಜ್ಜಿ. ನೇಜಿ ನೆಟ್ಟು ನೆಟ್ಟು ಬಾಗಿದ ಬೆನ್ನು ಬಾಗಿಯೇ ಇತ್ತು. ನೆಡುವ ಗದ್ದೆ ಮಾತ್ರ ಇರಲಿಲ್ಲ. ಅದು ಮಣ್ಣು ತುಂಬಿಸಿಕೊಂಡು ಯಾರದೋ ಫ್ಲಾಟುಗಳಾಗಿತ್ತು. ಗದ್ದೆ ಹೋದರೂ ಹಾಡು ಉಳಿದಿತ್ತು. ಓಬೇಲೆ ಎಂದು ಶುರು ಮಾಡಿದವರು ಮೂರು ಗಂಟೆ ಹಾಡಿದರು. ನಡುವೆ ಎರಡು ಸಲ ಎಲೆಅಡಿಕೆ, ಒಂದು ಸಲ ಚಾ. ನಾವು ರೆಕಾರ್ಡು ಮಾಡಿಕೊಂಡು ಬಂದೆವು, ಕನ್ನಡ ಲಿಪಿಯಲ್ಲಿ ಬರೆದೆವು, ಸಂಚಿಕೆಯಲ್ಲಿ ನಾಲ್ಕು ಪುಟ ಬಂತು. ಕೆಳಗೆ ದಪ್ಪ ಅಕ್ಷರದಲ್ಲಿ 'ಸಂಗ್ರಹ' ಎಂದು ನಮ್ಮಿಬ್ಬರ ಹೆಸರು. ನಮ್ಮ ಹೆಸರು ಅಚ್ಚಾದದ್ದು ಅದೇ ಮೊದಲು. ಆ ಪುಟವನ್ನು ಎಷ್ಟು ಸಲ ತೆರೆದು ನೋಡಿದೆವೋ ನಮಗೇ ಗೊತ್ತು.

ಅಜ್ಜಿಗೂ ಒಂದು ಪ್ರತಿ ಕೊಡಬೇಕಲ್ಲ, ಕೊಂಡುಹೋದೆವು. ಎಂಟನೇ ಕ್ಲಾಸಿನ ಮೊಮ್ಮಗಳು ಓದಿ ಹೇಳಿದಳು. ಪೂರಾ ಕೇಳಿದ ಮೇಲೆ ಅಜ್ಜಿ ಕೇಳಿದ್ದು ಒಂದೇ ಮಾತು: "ಎನ್ನ ಪುದರ್ ಓಲುಂಡು?" ನನ್ನ ಹೆಸರು ಎಲ್ಲಿ ಉಂಟು?

ನಮಗೆ ಪಾಠದಲ್ಲಿ ಬಂದದ್ದು ಬಾಯಿಗೆ ಬಂತು. ಅಜ್ಜೀ, ಇದು ಜನಪದ. ಜನಪದಕ್ಕೆ ಕಟ್ಟಿದವರ ಹೆಸರು ಇರುವುದಿಲ್ಲ, ಅದು ಎಲ್ಲರದ್ದು ಎಂದೆವು. ಅಜ್ಜಿ ಸಿಟ್ಟಾಗಲಿಲ್ಲ. ಪುಸ್ತಕವನ್ನು ಹಿಂದೆ ಮುಂದೆ ತಿರುವಿ ನೋಡಿ, "ಅಂಚಾಂಡ ನಿಕ್ಲೆನ ಪುದರ್ ದಾಯೆಗ್ ಉಂಡು?" ಅಂದರು. ಹಾಗಾದರೆ ನಿಮ್ಮ ಹೆಸರು ಯಾಕೆ ಉಂಟು?

ಬಸ್ಸಿನಲ್ಲಿ ವಾಪಸು ಬರುವಾಗ ಇಬ್ಬರೂ ಮಾತಾಡಲಿಲ್ಲ. ಧಣಿಗಳ ಮೇಲೆ, ಪುರೋಹಿತಶಾಹಿಯ ಮೇಲೆ, ಬಂಡವಾಳಗಾರರ ಮೇಲೆ ಪದ್ಯ ಬರೆಯುತ್ತಿದ್ದವರು ನಾವು. ಅಜ್ಜಿಯ ಬಾಯಿಂದ ಹಾಡು ತೆಗೆದು ನಮ್ಮ ಹೆಸರಿಗೆ ಹಾಕಿಕೊಳ್ಳುವುದಕ್ಕೆ ನಮಗೆ ಒಂದು ಕ್ಷಣವೂ ನಾಚಿಕೆಯಾಗಿರಲಿಲ್ಲ. ಹಾಡು ಯಾರದು ಎಂಬ ಪ್ರಶ್ನೆ ನಮಗೆ ಹೀಗೆ ಗಂಟುಬಿತ್ತು.

ಅದೇ ವರ್ಷ ಹಾಸ್ಟೆಲಿನ ರೂಮಿನಲ್ಲಿ ದಿನವಿಡೀ ಒಂದು ತಮಿಳು ಹಾಡು ಕೇಳಿಸುತ್ತಿತ್ತು. ಹಾಕುತ್ತಿದ್ದವನು ಸುಳ್ಯದ ಗೆಳೆಯ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು. ಅವನ ಮನೆ ಇರುವುದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ. ಸುಳ್ಯ, ಪುತ್ತೂರು ಕಡೆಯ ಓದುಗರಿಗೆ ಈ ಕತೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಬೇಕು. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನ ಬರಗಾಲದ ಹಳ್ಳಿಗಳಿಂದ ಸಿಲೋನಿನ ಕಾಫಿ, ಚಹಾ ತೋಟಗಳಿಗೆ ಜನರನ್ನು ಸಾಗಿಸಿದರು. ಹೋದವರಲ್ಲಿ ಬಹಳ ಮಂದಿ ಹೊಲಗೇರಿಯವರು. ನೂರು ವರ್ಷ ಅವರು ಆ ಬೆಟ್ಟಗಳನ್ನು ಹಸಿರು ಮಾಡಿದರು. ಸಿಲೋನು ಸ್ವತಂತ್ರವಾದ 1948ರಲ್ಲೇ ಅಲ್ಲಿನ ಪೌರತ್ವ ಕಾಯಿದೆ ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರಿನಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ಕೂತು ಜನರನ್ನು ಪಾಲು ಮಾಡಿಕೊಂಡರು: 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ, ಉಳಿದವರ ಮಾತು ಆಮೇಲೆ. ತೆಂಗಿನಕಾಯಿ ಹಂಚಿದ ಹಾಗೆ. ಹಾಗೆ ಪಾಲಿಗೆ ಬಂದವರಲ್ಲಿ ಕೆಲವರನ್ನು ನಮ್ಮ ಜಿಲ್ಲೆಯ ಕಾಡಂಚಿಗೆ ತಂದು ರಬ್ಬರ್ ಮರಗಳ ಕೆಳಗೆ ನಿಲ್ಲಿಸಿದರು. ನಮ್ಮ ಗೆಳೆಯನ ಪಾಟಿ ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದವರು. ಬೆಳಗಿನ ಜಾವ ಹಣೆಗೆ ದೀಪ ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೋಗಿ ಮಗನನ್ನು ಸಾಕಿದರು, ಮಗ ಅದೇ ಕೆಲಸ ಮಾಡಿ ಇವನನ್ನು ಓದಿಸಿದ. ಮರದ ಹಾಲು ಇಳಿಸಿದ್ದು ಮೂರು ತಲೆ, ಒಂದು ಮರವೂ ಅವರದ್ದಲ್ಲ.

ಅವನು ಕೇಳುತ್ತಿದ್ದ ಹಾಡು 'ಎಂಜಾಯ್ ಎಂಜಾಮಿ'. 2021ರ ಮಾರ್ಚಿನಲ್ಲಿ ಬಂದದ್ದು. ಬರೆದವರು, ಹಾಡಿದವರಲ್ಲಿ ಒಬ್ಬರು ಅರಿವು. ಅರಕ್ಕೋಣಂನ ಹುಡುಗ, ಎಂಜಿನಿಯರಿಂಗ್ ಓದಿದವರು. 2018ರ ಜನವರಿಯಲ್ಲಿ ಚೆನ್ನೈನಲ್ಲಿ ಮೊದಲ ಸಲ ವೇದಿಕೆ ಹತ್ತಿದ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಎಂಬ ತಂಡದಲ್ಲಿ ಹಾಡುತ್ತ ಬೆಳೆದವರು. ಸಿನಿಮಾ ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಕಟ್ಟಿದ ತಂಡ ಅದು. ಒಂದು ಕಡೆ ರಾಕ್ ಗಿಟಾರು, ಡ್ರಮ್ಮು. ಇನ್ನೊಂದು ಕಡೆ ಉತ್ತರ ಚೆನ್ನೈನ ಕೇರಿಗಳ ಗಾನಾ ಪಾಟು, ಸಾವಿನ ಮನೆಯ ಪರೆ. ಹೆಸರೇ ಜಾತಿ ಇಲ್ಲದವರ ಕೂಟ. ಜನಗಣತಿಯಲ್ಲಿ ನಮ್ಮವರನ್ನು ಜಾತಿಯಿಲ್ಲದವರೆಂದು ಬರೆಸಿ ಎಂದು ಹತ್ತೊಂಬತ್ತನೇ ಶತಮಾನದಲ್ಲೇ ಹೇಳಿದ ಅಯೋತಿ ದಾಸರ ಮಾತಿನಿಂದ ಬಂದ ಹೆಸರು. ಮೀಸಲಾತಿಯ ಬಗ್ಗೆ, ದನದ ಮಾಂಸದ ಬಗ್ಗೆ, ಮಲದ ಗುಂಡಿಯಲ್ಲಿ ಸಾಯುವವರ ಬಗ್ಗೆ ಅವರು ಹಾಡಿದರು. ಇದಕ್ಕೆ ಪೇಟೆಯವರು 'ಪರ್ಯಾಯ ಸಂಗೀತ' ಎನ್ನುತ್ತಾರೆ. ಯಾವುದಕ್ಕೆ ಪರ್ಯಾಯ? ನಮ್ಮ ಕೇರಿಯಲ್ಲಿ ಅದೇ ಮೂಲ, ಸಭೆಯಲ್ಲಿ ಹಾಡುವುದೇ ಪರ್ಯಾಯ. ಇರಲಿ. 2019ರಲ್ಲಿ 'ತೆರುಕ್ಕುರಳ್' ಎಂಬ ಆಲ್ಬಮ್ ಬಂತು, ಸಿನಿಮಾಕ್ಕೂ ಬರೆದರು. ಆಮೇಲೆ ಬಂದದ್ದು ಈ ಹಾಡು.

ಹಾಡಿನ ಬೇರು ಅರಿವು ಅವರ ಅಜ್ಜಿ ವಳ್ಳಿಯಮ್ಮಾಳ್. ಅವರೂ ಸಿಲೋನಿನ ತೋಟದಲ್ಲಿ ದುಡಿದು ಬರಿಗೈಯಲ್ಲಿ ವಾಪಸು ಬಂದವರು. ಅವರ ಒಪ್ಪಾರಿಯ ದನಿ, ನೆಟ್ಟವರಿಗೆ ನೆಲವಿಲ್ಲ ಎಂಬ ನೋವು, ಆದರೂ ನಾಯಿ ಬೆಕ್ಕಿಗೂ ಕಾಗೆಗೂ ಈ ನೆಲ ಸೇರಿದ್ದು ಎನ್ನುವ ದೊಡ್ಡ ಮನಸ್ಸು, ಎಲ್ಲ ಅದರಲ್ಲಿ ಉಂಟು. ಅಜ್ಜಿ ವಿಡಿಯೊದಲ್ಲೂ ಇದ್ದಾರೆ. ಧೀ ಎಂಬ ಗಾಯಕಿ ಜೊತೆಗೆ ಹಾಡಿದರು, ಸಂತೋಷ್ ನಾರಾಯಣನ್ ಸಂಗೀತ ಮಾಡಿಸಿದರು. ಕೋಟಿಗಟ್ಟಲೆ ಜನ ಕೇಳಿದರು. ನಮ್ಮ ಗೆಳೆಯ ರಜೆಗೆ ಹೋದಾಗ ತನ್ನ ಪಾಟಿಗೆ ತೋರಿಸಿದನಂತೆ. ಅವರು ಹಾಡಿನ ಬಗ್ಗೆ ಏನೂ ಹೇಳಲಿಲ್ಲ. ಆ ಮುದುಕಿ ಯಾರು ಎಂದು ಕೇಳಿದರಂತೆ. ಹಾಡು ಬರೆದವನ ಪಾಟಿ ಅಂದದ್ದಕ್ಕೆ, "ತೋರಿಸಿದ್ದಾನಲ್ಲ, ಒಳ್ಳೆ ಹುಡುಗ" ಅಂದು ಎದ್ದುಹೋದರಂತೆ.

ತೋರಿಸಿದವನೇ ಕಾಣದೆ ಹೋದದ್ದು ಆಮೇಲಿನ ಕತೆ. 2021ರ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆ ಈ ಹಾಡನ್ನೂ ಇನ್ನೊಂದನ್ನೂ ಹೊಗಳಿ ಮುಖಪುಟ ಮಾಡಿತು. ಎರಡಕ್ಕೂ ಸಾಹಿತ್ಯ ಕಟ್ಟಿದ ಅರಿವು ಮುಖಪುಟದಲ್ಲಿರಲಿಲ್ಲ. ರಂಜಿತ್ ಬಹಿರಂಗವಾಗಿ ಕೇಳಿದ ಮೇಲೆ ಅರಿವು ಚಿತ್ರದ ಇನ್ನೊಂದು ಮುಖಪುಟ ಬಂತು. 2022ರ ಜುಲೈ ಕೊನೆಗೆ ಚೆನ್ನೈನಲ್ಲಿ ಚೆಸ್ ಒಲಿಂಪಿಯಾಡ್ ಶುರುವಾದಾಗ ದೇಶದ ದೊಡ್ಡವರ ಮುಂದೆ ಈ ಹಾಡು ಹಾಡಿಸಿದರು, ಅರಿವು ಇಲ್ಲದೆ. ಆಗ ಅವರು ಇನ್‌ಸ್ಟಾಗ್ರಾಮಿನಲ್ಲಿ ಬರೆದರು: ಈ ಹಾಡನ್ನು ಕಟ್ಟಿದವನು, ಬರೆದವನು, ಹಾಡಿದವನು ನಾನು ಎಂದು. ಸಂತೋಷ್ ನಾರಾಯಣನ್ ಉತ್ತರ ಕೊಟ್ಟರು: ಸಂಗೀತ ತನ್ನದು, ಹಕ್ಕಿನಲ್ಲೂ ಆದಾಯದಲ್ಲೂ ಮೂವರಿಗೂ ಸಮಪಾಲು, ಅರಿವು ಆಗ ಅಮೆರಿಕದಲ್ಲಿದ್ದರು ಎಂದು. ಧೀಯೂ ತಾನು ಎಲ್ಲೆಡೆ ಅರಿವು ಹೆಸರು ಹೇಳಿಯೇ ಹಾಡಿದ್ದೇನೆ ಎಂದರು. 2024ರಲ್ಲಿ ಸಂತೋಷ್ ನಾರಾಯಣನ್ ಅವರೇ ಆ ಹಾಡಿನಿಂದ ತಮಗ್ಯಾರಿಗೂ ಒಂದು ಕಾಸೂ ಬಂದಿಲ್ಲ ಎಂದು ದೂರಿದರು. ಇವರಲ್ಲಿ ಯಾರದ್ದು ಎಷ್ಟು ಸರಿ ಎಂದು ತೀರ್ಪು ಕೊಡಲಿಕ್ಕೆ ನಾವು ಕೂತಿಲ್ಲ. ಒಂದು ಹಾಡಿಗೆ ರಾಗ ಕೂಡಿಸಿದವರೂ ದುಡಿದವರೇ. ನಮ್ಮನ್ನು ಕಾಡುವುದು ಬೇರೆ. ಕೈಗಳು ಹಲವು ಸೇರಿ ಮಾಡಿದ ಕೆಲಸದಲ್ಲಿ ಮರೆತುಹೋಗುವ ಕೈ ಪ್ರತಿ ಸಲ ಕೇರಿಯದ್ದೇ ಯಾಕೆ? ಮರೆವಿಗೆ ಜಾತಿ ಉಂಟೇ?

ಹಾಸ್ಟೆಲಿನಲ್ಲಿ ಇನ್ನೊಬ್ಬ ಗೆಳೆಯನ ಬಳಿ ಒಂದು ಬನಿಯನ್ನಿತ್ತು, ಹಂಪನಕಟ್ಟೆಯ ಫುಟ್‌ಪಾತಿನಲ್ಲಿ ಕೊಂಡದ್ದು. ಮೇಲೆ ಉದ್ದ ಕೂದಲಿನ ಬಿಳಿಯನ ಮುಖ. ಯಾರೆಂದು ಅವನಿಗೇ ಗೊತ್ತಿರಲಿಲ್ಲ, ನಾವೇ ಹುಡುಕಿದೆವು. ಕರ್ಟ್ ಕೊಬೇನ್. ಅಮೆರಿಕದ ಮರದ ಮಿಲ್ಲುಗಳ ಊರು ಅಬರ್ಡೀನಿನವನು, ತಂದೆ ಮೆಕ್ಯಾನಿಕ್, ತಾಯಿ ಹೋಟೆಲಿನಲ್ಲಿ ಬಡಿಸುವವಳು. ತಾನೂ ಕಸ ಗುಡಿಸುವ ಕೆಲಸ ಮಾಡಿದವನು. 1991ರಲ್ಲಿ ಅವನ ನಿರ್ವಾಣ ತಂಡದ 'ನೆವರ್‌ಮೈಂಡ್' ಬಂದು ಪರ್ಯಾಯ ರಾಕ್ ಎಂಬುದೇ ಪೇಟೆಯ ಮುಖ್ಯ ಸರಕಾಯಿತು. ಪೇಟೆಯನ್ನು ಬೈದ ಹಾಡನ್ನೇ ಪೇಟೆ ಮಾರಿತು. ಅವನು ಹಾಕುತ್ತಿದ್ದ ಬಡವರ ಅಂಗಿಯನ್ನೂ ಮಾರಿತು. 1994ರ ಏಪ್ರಿಲಿನಲ್ಲಿ, 27ರ ವಯಸ್ಸಿಗೆ, ಅವನು ತೀರಿಕೊಂಡ. ಅದಕ್ಕೆ ಕೆಲವು ತಿಂಗಳ ಹಿಂದೆ, 1993ರ ನವೆಂಬರಿನಲ್ಲಿ, ನ್ಯೂಯಾರ್ಕಿನಲ್ಲಿ ಒಂದು ಟಿ.ವಿ. ಕಾರ್ಯಕ್ರಮಕ್ಕೆ ಹಾಡಿದ. ಕೊನೆಯ ಹಾಡು ಅವನದ್ದಲ್ಲ. ಹಾಡುವ ಮೊದಲು ಅದನ್ನು ಅವನೇ ಹೇಳಿದ: ಇದು ನನಗೆ ಎಲ್ಲರಿಗಿಂತ ಇಷ್ಟವಾದ ಹಾಡುಗಾರ ಲೆಡ್ ಬೆಲ್ಲಿಯದ್ದು ಎಂದು.

ಲೆಡ್ ಬೆಲ್ಲಿ ಯಾರು? ಕರಿಯರ ಕೂಲಿಗಾರ, ಹನ್ನೆರಡು ತಂತಿಯ ಗಿಟಾರಿನವನು. 1933ರಲ್ಲಿ ಲೂಸಿಯಾನಾದ ಅಂಗೋಲಾ ಜೈಲಿನಲ್ಲಿ ಕೈದಿಯಾಗಿದ್ದಾಗ ಜನಪದ ಸಂಗ್ರಹಕಾರ ಜಾನ್ ಲೊಮ್ಯಾಕ್ಸ್ ಮಗನ ಜೊತೆ ಬಂದು ಅವನ ದನಿಯನ್ನು ಮುದ್ರಿಸಿಕೊಂಡ. ಮುಂದೆ ಅವನ 'ಗುಡ್‌ನೈಟ್ ಐರೀನ್' ಹಾಡಿನ ಕರ್ತೃತ್ವದಲ್ಲಿ ಸಂಗ್ರಹಕಾರನ ಹೆಸರೂ ಕೂತಿತು. 1949ರ ಡಿಸೆಂಬರಿನಲ್ಲಿ ಲೆಡ್ ಬೆಲ್ಲಿ ತೀರಿಕೊಂಡ. 1950ರಲ್ಲಿ ಅದೇ ಹಾಡನ್ನು ಬಿಳಿಯರ ತಂಡವೊಂದು ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಸಂಗ್ರಹಕಾರ! ಆ ಪದ ಓದಿದಾಗ ನಮ್ಮ ಕಿವಿ ಬಿಸಿಯಾಯಿತು. ಕೊಬೇನ್ ಹೆಸರು ಹೇಳಿ ಹಾಡಿದ, ಅಷ್ಟು ಮರ್ಯಾದೆ ಅವನಿಗಿತ್ತು. ಆದರೂ ನೋಡಿ, ಆ ಸಂಜೆ ಅವನು ಬಾರಿಸಿದ ಗಿಟಾರು 2020ರ ಜೂನಿನಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಹಂಪನಕಟ್ಟೆಯಲ್ಲಿ ಕೊಬೇನಿನ ಬನಿಯನು ಸಿಗುತ್ತದೆ, ಲೆಡ್ ಬೆಲ್ಲಿಯದ್ದು ನಾವು ಕಂಡಿಲ್ಲ.

ದೂರದ ಅಮೆರಿಕ ಯಾಕೆ, ನಮ್ಮ ಬಾಗಿಲಿಗೇ ಬಂತು. 2022ರ ಸೆಪ್ಟೆಂಬರ್ 30ಕ್ಕೆ 'ಕಾಂತಾರ' ಬಿಡುಗಡೆಯಾಯಿತು. ಮಂಗಳೂರಿನ ಥಿಯೇಟರಿನಲ್ಲಿ ಜನ ಚಪ್ಪಲಿ ಕಳಚಿ ನೋಡಿದರು. ಅದರ 'ವರಾಹ ರೂಪಂ' ಹಾಡು ನಮ್ಮ 'ನವರಸಂ' ಹಾಡಿನ ನಕಲು ಎಂದು ಕೇರಳದ ರಾಕ್ ತಂಡ ತೈಕ್ಕುಡಂ ಬ್ರಿಡ್ಜ್ ಅಕ್ಟೋಬರಿನಲ್ಲಿ ದೂರಿತು. ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್ ಅಲ್ಲ ಎಂದರು. ಒಂದೇ ರಾಗದ ನೆಲೆ ಇದ್ದರೆ ಹೋಲಿಕೆ ಬರುವುದೇ ಎಂದರು. ಕೋಝಿಕ್ಕೋಡಿನ ನ್ಯಾಯಾಲಯ ತಾತ್ಕಾಲಿಕ ತಡೆ ಕೊಟ್ಟಿತು, ತಡೆ ತೆರವೂ ಆಯಿತು, ಕಾನೂನಿನ ಜಗ್ಗಾಟ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟುಗಳಿಗೂ ಹೋಯಿತು. ವಾದಕ್ಕೆ ಎರಡೂ ಕಡೆ ಅರ್ಹತೆ ಇರಬಹುದು. ಆದರೆ ಆ ತಿಂಗಳುಗಳಲ್ಲಿ ನಮ್ಮ ಚಾ ಅಂಗಡಿಗಳಲ್ಲಿ 'ಹಾಡು ಕದ್ದರೋ ಇಲ್ಲವೋ' ಎಂದು ಜಗಳವಾಡಿದವರಲ್ಲಿ ಒಬ್ಬರಾದರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಸಿನಿಮಾದ ಜೀವವೇ ಭೂತಕೋಲ. ಕೋಲ ಕಟ್ಟುವವರು ಪಂಬದರು, ನಲಿಕೆಯವರು, ಪರವರು. ಅಣಿ ಏರುವ ಮೊದಲು ತೆಂಬರೆ ಬಡಿದು ಪಾಡ್ದನ ಹೇಳುವವಳು ಆ ಮನೆಯ ಹೆಂಗಸು. ದೈವದ ಹುಟ್ಟು, ಬರವು, ಜಗಳ, ನ್ಯಾಯ ಪೂರಾ ಅವಳ ನಾಲಿಗೆಯ ಮೇಲೆ. ಅವಳು ಯಾವ ನ್ಯಾಯಾಲಯದಲ್ಲಿ ವಾದಿ? ದೈವ ಮೈಮೇಲೆ ಬಂದಾಗ ಗುತ್ತಿನ ಯಜಮಾನ ಕೈಮುಗಿಯುತ್ತಾನೆ. ಬಣ್ಣ ತೊಳೆದ ಮೇಲೆ ಅದೇ ಅಂಗಳದಲ್ಲಿ ಕೋಲದವನ ಜಾಗ ಯಾವುದು ಎಂದು ಎಲ್ಲರಿಗೂ ಗೊತ್ತು. ಸಿನಿಮಾ ನಾನೂರು ಕೋಟಿ ಗಳಿಸಿತೆಂದು ಪತ್ರಿಕೆಗಳು ಬರೆದವು. ಅದೇ ಅಕ್ಟೋಬರಿನಲ್ಲಿ ಸರಕಾರ 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಸಾರಿತು. ಬೇಡ ಅನ್ನುವುದಿಲ್ಲ. ಆದರೆ ಮಾಸಾಶನ ಬೇರೆ, ಪಾಲು ಬೇರೆ. ಮಾಸಾಶನ ಕೊಡುವವನು ಧಣಿಯಾಗಿಯೇ ಇರುತ್ತಾನೆ.

ಇಲ್ಲಿಗೆ ಬಂದಾಗ ನಮಗೆ ನಮ್ಮ ಜಿಲ್ಲೆಯ ಭೂಮಿಯ ಕತೆ ನೆನಪಾಯಿತು. ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ಬರುವ ಮಾತೇ ಅದು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಮೂಲಗೇಣಿ, ಚಾಲಗೇಣಿ ಎಂದು ಒದ್ದಾಡುತ್ತಿದ್ದ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟರು, ಭೂನ್ಯಾಯ ಮಂಡಳಿಯ ಮುಂದೆ ನಿಂತರು, ಒಡೆಯರಾದರು. ಅದು ದೊಡ್ಡ ಕೆಲಸ, ನಾವು ಸಣ್ಣದು ಮಾಡುವುದಿಲ್ಲ. ಆದರೆ 'ಉಳುವವನು' ಯಾರು? ಕಾಯಿದೆಯ ಕಣ್ಣಿಗೆ ಗೇಣಿ ಕೊಟ್ಟವನು ಉಳುವವನು. ಕೋಣದ ಹಿಂದೆ ನಡೆದವನು, ಕೆಸರಿಗೆ ಬಗ್ಗಿ ನೇಜಿ ನೆಟ್ಟವಳು ಉಳುವವರಲ್ಲ, ಅವರು ಕೂಲಿ. ಅವರ ಹೆಸರಿಗೆ ಚೀಟಿ ಇರಲಿಲ್ಲ, ರಶೀದಿ ಇರಲಿಲ್ಲ. ಅವರಿಗೆ ಕಾಯಿದೆಯ 38ನೇ ಕಲಮಿನಲ್ಲಿ ಕೊಟ್ಟದ್ದು ಮನೆ ಕಟ್ಟಿಕೊಂಡ ಅಡಿಸ್ಥಳ. ಮಲಗುವ ಜಾಗ ನಿನ್ನದು, ದುಡಿಯುವ ಜಾಗ ಅವನದು. ಇನ್ನು ದಲಿತರಿಗೆಂದು ಬ್ರಿಟಿಷರ ಕಾಲದಿಂದ ಇಟ್ಟ ಡಿ.ಸಿ. ಮನ್ನಾ ಜಮೀನಿನ ಗತಿ ಏನಾಯಿತೆಂದು ನಮ್ಮ ಸಂಘಟನೆಯ ಹಿರಿಯರನ್ನು ಕೇಳಿ. ಅರ್ಜಿ ಹಿಡಿದು ಕಚೇರಿ ಸುತ್ತಿ ಚಪ್ಪಲಿ ಸವೆಸಿದವರು ಇನ್ನೂ ಇದ್ದಾರೆ.

ಹಾಡಿನ ಕಾಯಿದೆಯೂ ಹೀಗೇ ಉಂಟು. ಕೃತಿಸ್ವಾಮ್ಯ ಕಾಯಿದೆ 1957ರದ್ದು. ಬರೆದವರಿಗೆ, ಸಂಗೀತ ಕಟ್ಟಿದವರಿಗೆ ಹಕ್ಕು ಅವರ ಜೀವಮಾನ ಮತ್ತು ತೀರಿಕೊಂಡ ಮೇಲೆ 60 ವರ್ಷ. ಕಂಪನಿಯವರು ಎಲ್ಲ ಬರೆಸಿಕೊಳ್ಳುತ್ತಿದ್ದರೆಂದು 2012ರಲ್ಲಿ ತಿದ್ದುಪಡಿ ಮಾಡಿ ರಾಯಧನದ ಪಾಲನ್ನು ಯಾರೂ ಕಿತ್ತುಕೊಳ್ಳದ ಹಾಗೆ ಮಾಡಿದರು. ಒಳ್ಳೆಯದೇ. ಆದರೆ 'ಜನಪದ' ಎಂಬ ಮುದ್ರೆ ಬಿದ್ದ ಕೂಡಲೇ ಆ ಹಾಡು ಯಾರದ್ದೂ ಅಲ್ಲ, ಅಂದರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಪುರಂಬೋಕು. ಎತ್ತಿಕೊಂಡು ಗಿಟಾರು ಸೇರಿಸಿದವನಿಗೆ ಅವನ ಹೊಸ ಜೋಡಣೆಯ ಮೇಲೆ ಹಕ್ಕು ಹುಟ್ಟುತ್ತದೆ. ಹಾಡಿದ ಬಾಯಿಗೆ ಏನೂ ಇಲ್ಲವೇ? ಉಂಟು, 1994ರ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಅಂತ ಬಂದಿದೆ. ಆ ಪಟ್ಟಿಯಲ್ಲಿ ಹಾಡುಗಾರ, ನಟ, ಕುಣಿಯುವವ, ದೊಂಬರಾಟದವ, ಕೊನೆಗೆ ಹಾವಾಡಿಗನೂ ಇದ್ದಾನೆ. ಅದು ಯಾವ ಕಲಮು ಗೊತ್ತೇ? ಅದೂ 38! ಕಾಕತಾಳೀಯ ಅಷ್ಟೇ, ಆದರೂ ಓದಿ ನಾವು ಬಿದ್ದು ಬಿದ್ದು ನಕ್ಕೆವು. ಅಲ್ಲಿ ಅಡಿಸ್ಥಳ, ಇಲ್ಲಿ ಹಾಡಿದ ಗಳಿಗೆ. ಗದ್ದೆ ಎರಡು ಕಡೆಯೂ ಇಲ್ಲ.

ಈಗ ನಮ್ಮವರೇ ಹಾಕುವ ಒಂದು ಸವಾಲಿಗೆ ಬರಬೇಕು. ಈ ಮಾತನ್ನು ಒಂದು ಶಿಬಿರದಲ್ಲಿ ಎತ್ತಿದಾಗ ಹಿರಿಯ ಸಂಗಾತಿಯೊಬ್ಬರು ಗದರಿಸಿದರು. "ಏನಯ್ಯಾ, ಹಾಡಿಗೂ ಬೇಲಿ ಹಾಕ್ತೀರಾ? ಆಸ್ತಿ ಅನ್ನೋದೇ ರೋಗ. ಎಪ್ಪತ್ತೈದರಿಂದ ನಾವು ಹಾಡಿದ ಹಾಡಿಗೆ ಯಾರ ಹೆಸರು ಕೇಳಿದ್ವಿ?" ಅವರ ಮಾತಿನಲ್ಲಿ ಹುರುಳಿದೆ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದ ಮೇಲೆ ಆ ಹಾಡುಗಳು ಪುಸ್ತಕ ಬಿಟ್ಟು ನಡೆದುಹೋದವು. ಓದು ಬರಹ ಗೊತ್ತಿಲ್ಲದವರು ಜಾಥಾಗಳಲ್ಲಿ ಹಾಡಿದರು. ಬರೆದವರು ಯಾರೆಂದು ಗೊತ್ತಿಲ್ಲದೆ ಹಾಡಿದವರೇ ಹೆಚ್ಚು. ಒಬ್ಬ ಕವಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಆ ಹಾಡಿಗೆ ಟಿಕೆಟು ಇಟ್ಟಿದ್ದರೆ ಚಳವಳಿಯೇ ಇರುತ್ತಿರಲಿಲ್ಲ. ನಾವೂ ಪದ್ಯ ಬರೆಯುವವರು. ನಮ್ಮ ಒಂದು ಸಾಲು ಯಾವುದಾದರೂ ಮೆರವಣಿಗೆಯಲ್ಲಿ ಹೆಸರು ಕಳಕೊಂಡು ಸಾಗಲಿ ಎಂಬುದೇ ನಮ್ಮ ಆಸೆ.

ಆದರೆ ಸಂಗಾತೀ, ಹೆಸರು ಬಿಡುವುದಕ್ಕೂ ಹೆಸರು ಅಳಿಸುವುದಕ್ಕೂ ವ್ಯತ್ಯಾಸ ಇಲ್ಲವೇ? ಇದ್ದವನು ಬಿಟ್ಟರೆ ತ್ಯಾಗ. ಇಲ್ಲದವನಿಗೆ ಬಿಡು ಅಂದರೆ ಅದೇ ಹಳೆಯ ದಬ್ಬಾಳಿಕೆ. ಸಿದ್ಧಲಿಂಗಯ್ಯನವರ ಹಾಡನ್ನು ಹೆಸರಿಲ್ಲದೆ ಹಾಡಿದವರು ಅದನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳಲಿಲ್ಲ. ಸುರತ್ಕಲ್ಲಿನ ಅಜ್ಜಿಯ ಹಾಡನ್ನು ನಾವು ಬರೆಸಿಕೊಂಡೆವು. ಹಾಡು ಎಲ್ಲರದ್ದು ಎನ್ನುವವನ ಹೆಸರು ಪುಟದ ಕೆಳಗೆ ದಪ್ಪ ಅಕ್ಷರದಲ್ಲಿದ್ದರೆ ಅವನ ಮಾತನ್ನು ನಂಬಬಾರದು. ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

ಹೆಸರಿನ ಆಸೆ ಪೇಟೆಯಿಂದ ಬಂದ ರೋಗ ಎನ್ನುವುದೂ ಸುಳ್ಳು. ಹನ್ನೆರಡನೇ ಶತಮಾನದ ಕಾಯಕದ ಜನ ವಚನಕ್ಕೆ ಅಂಕಿತ ಹಾಕಿದರಲ್ಲ. ಅಂಕಿತ ಎಂದರೆ ಏನು, ಇದು ನನ್ನ ಬಾಯಿ ಎಂಬ ರುಜು. ಬಹಳ ಮಂದಿ ತಮ್ಮ ದೇವರ ಹೆಸರನ್ನೇ ಅಂಕಿತ ಮಾಡಿಕೊಂಡರು. ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯ ಮಾತ್ರ ತನ್ನ ಕಸುಬನ್ನೂ ತನ್ನ ಹೆಸರನ್ನೂ ಕೂಡಿಸಿ ಅಂಕಿತ ಮಾಡಿಕೊಂಡ. ಎಷ್ಟು ಧೈರ್ಯ ಬೇಕು! ದೇವರ ಜಾಗದಲ್ಲಿ ಅಂಬಿಗ. ಅವನು ಆಸ್ತಿ ಮಾಡಲಿಕ್ಕೆ ಹೆಸರು ಹಾಕಿದವನಲ್ಲ. ಮಾತಿಗೆ ಹೊಣೆಗಾರ ನಾನು, ಬೈಯುವುದಿದ್ದರೆ ನನ್ನನ್ನೇ ಬೈಯಿರಿ ಎಂದು ಹಾಕಿದವನು. ಪಹಣಿಗೂ ಅಂಕಿತಕ್ಕೂ ಇರುವ ಈ ಅಂತರದ ನಡುವೆ ಎಲ್ಲೋ ನಮ್ಮ ಉತ್ತರ ಇರಬಹುದು ಎಂದು ನಮಗೆ ಅನ್ನಿಸುತ್ತದೆ. ಪಹಣಿ ಇನ್ನೊಬ್ಬನನ್ನು ಹೊರಗೆ ಇಡುತ್ತದೆ. ಅಂಕಿತ ಯಾರನ್ನೂ ಹೊರಗೆ ಇಡುವುದಿಲ್ಲ. ಯಾರು ಬೇಕಾದರೂ ಹಾಡಬಹುದು, ಅಂಬಿಗನನ್ನು ನುಂಗಲಿಕ್ಕೆ ಮಾತ್ರ ಆಗುವುದಿಲ್ಲ. ಅರಿವು 2024ರಲ್ಲಿ ತಂದ ಆಲ್ಬಮಿಗೆ ಇಟ್ಟ ಹೆಸರು 'ವಳ್ಳಿಯಮ್ಮಾ ಪೇರಾಂಡಿ', ವಳ್ಳಿಯಮ್ಮನ ಮೊಮ್ಮಗ. ತನ್ನ ಹೆಸರು ಅಳಿಸಿತೆಂದು ಕೂಗಿದವನು ಮುಂದಿನ ಸಲ ಮುಂದೆ ಇಟ್ಟದ್ದು ಅಜ್ಜಿಯ ಹೆಸರನ್ನು. ಅದು ಅಂಕಿತವೇ.

ಮಾಡಬೇಕೆಂದರೆ ದಾರಿ ಇಲ್ಲದೆ ಇಲ್ಲ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಸಿರಿ ಪಾಡ್ದನವನ್ನು ಹಾಡಿ ಹೇಳಿದರು, 15,683 ಸಾಲು. ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಸೇರಿ ಅದನ್ನು ದಾಖಲಿಸಿ 1998ರಲ್ಲಿ ಪುಸ್ತಕ ಮಾಡಿದಾಗ ಹೊದಿಕೆಯ ಶೀರ್ಷಿಕೆಯಲ್ಲೇ ಗೋಪಾಲ ನಾಯ್ಕರ ಹೆಸರಿತ್ತು. ಇದನ್ನು ನಾವು ಮೊದಲೇ ಓದಿದ್ದರೆ ಅಜ್ಜಿಯ ಮುಂದೆ ಮುಖ ಕೆಳಗೆ ಹಾಕುವುದು ತಪ್ಪುತ್ತಿತ್ತು. ಓದಿರಲಿಲ್ಲ. ಪರೀಕ್ಷೆಗೆ ಜನಪದದ ಲಕ್ಷಣ ಐದು ಅಂಕಕ್ಕೆ ಬಾಯಿಪಾಠ ಮಾಡಿದ್ದೆವು, ಅದರಲ್ಲಿ 'ಅನಾಮಧೇಯತೆ' ಒಂದು.

ಆ ಬಾಯಿಪಾಠ ಎಷ್ಟು ಟೊಳ್ಳು ಎಂದು ಗೊತ್ತಾದದ್ದು ಹೋದ ಮಳೆಗಾಲ. ಬೇರೆ ಏನೂ ಮಾಡಲಾಗದಿದ್ದರೂ ಹೆಸರು ಹಾಕಿ ಮತ್ತೆ ಅಚ್ಚು ಮಾಡಿಸೋಣ ಎಂದು ನಾವಿಬ್ಬರು ಮತ್ತೆ ಅಜ್ಜಿಯ ಮನೆಗೆ ಹೋದೆವು. ಮಳೆ ಸುರಿಯುತ್ತಿತ್ತು, ಜಗಲಿಯಲ್ಲಿ ಕೂತೆವು. ತಪ್ಪಾಯಿತು ಅಜ್ಜಿ, ಈಗ ನಿಮ್ಮ ಹೆಸರು ಹಾಕುತ್ತೇವೆ ಅಂದೆವು. ರೆಕಾರ್ಡನ್ನು ಮತ್ತೆ ಹಾಕಲಿಕ್ಕೆ ಹೇಳಿದರು. ಕೇಳುತ್ತ ಕೇಳುತ್ತ ಕೈ ಎತ್ತಿ ನಿಲ್ಲಿಸಿದರು. ಇದು ನನ್ನದಲ್ಲ, ನನ್ನ ಅಮ್ಮನದ್ದು. ಮುಂದೆ ಹೋಯಿತು. ಮತ್ತೆ ಕೈ. ಇದು ಆಚೆ ಮನೆಯವಳು ಸೇರಿಸಿದ್ದು, ಅವಳ ಗಂಡ ಬೊಂಬಾಯಿಗೆ ಹೋಗಿ ತಿರುಗಿ ಬಾರದ ವರ್ಷ. ಮತ್ತೆ ಕೈ. ಇದು ನನ್ನದು. ಧಣಿ ಮಧ್ಯಾಹ್ನದ ಗಂಜಿ ತಡ ಮಾಡಿದ ದಿನ ನಾನೇ ಕಟ್ಟಿ ಹಾಡಿದ್ದು, ಅವನಿಗೆ ಕೇಳಿಸಲಿ ಎಂದೇ ಗಟ್ಟಿಯಾಗಿ. ಗದ್ದೆಗೆ ಹುಣಿ ಇರುವ ಹಾಗೆ ಆ ಹಾಡಿಗೆ ಹುಣಿಗಳಿದ್ದವು. ಅಜ್ಜಿಗೆ ಒಂದೊಂದೂ ಗೊತ್ತಿತ್ತು. ನಮ್ಮ ನಾಲ್ಕು ಪುಟದಲ್ಲಿ ಹನ್ನೊಂದು ಜನರ ದುಡಿಮೆ ಇತ್ತು.

ನನ್ನದೊಂದೇ ಹೆಸರು ಹಾಕಬೇಡಿ ಅಂದರು. ಎಲ್ಲರದ್ದೂ ಹಾಕಿ, ಇಲ್ಲವಾದರೆ ಬೇಡ. ಬೆರಳು ಮಡಚುತ್ತ ಹೆಸರು ಹೇಳಿದರು, ನಾವು ಬರೆದುಕೊಂಡೆವು. ಹನ್ನೊಂದರಲ್ಲಿ ಎಂಟು ಮಂದಿ ತೀರಿಕೊಂಡಿದ್ದಾರೆ. ಆ ಹೆಸರುಗಳನ್ನು ಇಲ್ಲಿ ಕೊಡುತ್ತಿಲ್ಲ. ಅವರವರ ಮನೆಗೆ ಹೋಗಿ ಕೇಳದೆ ಹಾಕುವುದಿಲ್ಲ ಎಂದು ಈ ಸಲ ಮಾತು ಕೊಟ್ಟಿದ್ದೇವೆ. ಹತ್ತನೆಯ ಹೆಸರಿನ ಹತ್ತಿರ ಅಜ್ಜಿ ನಿಂತರು. ಮುಖ ಕಾಣುತ್ತದೆ, ದನಿ ಕೇಳುತ್ತದೆ, ಹೆಸರು ಬರುವುದಿಲ್ಲ ಅಂದರು. ಬಜಪೆ ಕಡೆಯಿಂದ ಮದುವೆಯಾಗಿ ಬಂದವಳು, ಸಣ್ಣ ಪ್ರಾಯಕ್ಕೆ ಹೋದಳು, ಒಳ್ಳೆಯ ಗಂಟಲು. ಮೊಮ್ಮಗಳನ್ನು ಕರೆದು, ಕೊಡೆ ಹಿಡಿದುಕೊಂಡು ಮೇಲಿನ ಮನೆಯವರಲ್ಲಿ ಕೇಳಿಕೊಂಡು ಬಾ ಎಂದು ಮಳೆಗೆ ಕಳಿಸಿದರು. ನಾವು ಪೆನ್ನು ಹಿಡಿದು ಕಾಯುತ್ತಾ ಕೂತೆವು.